ಅಗಸೆ: ಬೀಜವೋ, ಎಣ್ಣೆಯೋ?

ಸಭಿಕರೇ,

ರೊಟ್ಟಿಯೊಡನೆ ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ಉಂಡು ಬೆಳೆದ ನಿಮಗೆ ಅಗಸೆಯನ್ನು ಪರಿಚಯಿಸಬೇಕಾಗಿಲ್ಲ. ಹಿಂಗಾರಿಯಲ್ಲಿ ಕಡಲೆ, ಕುಸುಬೆಗಳ ನಡುವೆ ಅಕ್ಕಡಿ ಸಾಲಾಗಿ ನಿಲ್ಲುತ್ತಿದ್ದ ಆ ಬೆಳೆಯೇ ಈಗ ಪೇಟೆಯಿಂದ ಎಣ್ಣೆಯಾಗಿ, ಕ್ಯಾಪ್ಸೂಲಾಗಿ ಮರಳುತ್ತಿದೆ. ದಿನಕ್ಕೊಂದು ಚಮಚ ಎಣ್ಣೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಣ್ಣೆಯ ಹೆಚ್ಚುಗಾರಿಕೆಯನ್ನು ಮೊದಲು ಒಪ್ಪೋಣ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಸಸ್ಯಮೂಲದ ಒಮೆಗಾ-3, ಸುಮಾರು 7 ಗ್ರಾಂ ಇರುತ್ತದೆ. ಅಷ್ಟೇ ಅಳತೆಯ ಬೀಜದ ಪುಡಿಯಲ್ಲಿ 1.6 ಗ್ರಾಂ. ಆದರೆ ಅಮೆರಿಕದ ಪೋಷಣಾ ಮಾನದಂಡದಂತೆ ದಿನಕ್ಕೆ ಬೇಕಾದದ್ದು ಗಂಡಸರಿಗೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ ಮಾತ್ರ. ಪುಡಿಯೇ ಅದನ್ನು ಪೂರೈಸುವಾಗ, 100 ಗ್ರಾಂ ಬೀಜದಲ್ಲಿರುವ ಸುಮಾರು 27 ಗ್ರಾಂ ನಾರನ್ನೂ 18 ಗ್ರಾಂ ಪ್ರೋಟೀನನ್ನೂ ಗಾಣದ ಹಿಂಡಿಯೊಡನೆ ದನದ ಕೊಟ್ಟಿಗೆಗೆ ಕಳುಹಿಸುವುದೇಕೆ? ಲಿಗ್ನಾನ್ ಎಂಬ ಸಸ್ಯ ಸಂಯುಕ್ತಗಳೂ ಬಹುಪಾಲು ಆ ಹಿಂಡಿಯಲ್ಲೇ ಉಳಿಯುತ್ತವೆ.

ಹಾಗೆಂದು ಇಡೀ ಬೀಜ ನುಂಗಿದರೂ ಪ್ರಯೋಜನ ಕಡಿಮೆ. ನಮ್ಮ ದೊಡ್ಡಮ್ಮ ಸಣ್ಣ ಉರಿಯಲ್ಲಿ ಅಗಸಿ ಹುರಿಯುತ್ತ, ಕಾಳು ಚಟಪಟ ಸಿಡಿದೊಡನೆ ಬಾಣಲೆ ಇಳಿಸುತ್ತಿದ್ದರು. ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿಸುವರು. ಸೊಸೆಯಂದಿರು ಆಯಿತೆಂದರೂ ಬಿಡದೆ, ಒಂದು ಚಿಟಿಕೆ ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಇಡೀ ಕಾಳು ಹೆಂಗ ಹೋಗ್ತಾವ ಹಂಗ ಹೊರಗ ಬರ್ತಾವ, ಇನ್ನಷ್ಟು ಕುಟ್ರಿ" ಎನ್ನುವರು. ಗಟ್ಟಿ ಸಿಪ್ಪೆ ಒಡೆಯದೆ ಒಳಗಿನ ಸತ್ವ ಜೀರ್ಣಕ್ಕೆ ಸಿಗದೆಂಬುದನ್ನು ಪೋಷಣಾಶಾಸ್ತ್ರವೂ ಹೇಳುತ್ತದೆ. ಬೀಜದಲ್ಲಿರುವ ಸಯನೈಡುಜನಕ, ಅಂದರೆ ಸಯನೈಡ್ ವಿಷ ಹುಟ್ಟಿಸಬಲ್ಲ, ಅಂಶವನ್ನು ಹುರಿಯುವಿಕೆ ತಗ್ಗಿಸುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ಅವರು ಮಾಡುತ್ತಿದ್ದರು. ಏಕೆಂದರೆ ಸಿಪ್ಪೆಯೊಡೆದ ಮೇಲೆ ಕೊಬ್ಬಿಗೆ ಗಾಳಿ ತಾಗಿ ಪುಡಿ ಕಮಟು ಹಿಡಿಯುತ್ತದೆ.

ಎಣ್ಣೆಗೆ ಈ ಅಪಾಯ ಇನ್ನೂ ಹೆಚ್ಚು. ಗಾಳಿಯ ಆಮ್ಲಜನಕದೊಡನೆ ಬೆರೆತು ಗಟ್ಟಿಯಾಗುವ ಗುಣವಿರುವುದರಿಂದಲೇ ಅಗಸೆ ಎಣ್ಣೆಯನ್ನು ಬಾಗಿಲಿಗೆ ಬಳಿಯುತ್ತಾರೆ, ಬಣ್ಣಕ್ಕೆ ಬೆರೆಸುತ್ತಾರೆ. ಬಣ್ಣದಂಗಡಿಯ ಆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರಬಹುದು. ಅದನ್ನು ಯಾವ ಕಾರಣಕ್ಕೂ ಸೇವಿಸಬೇಡಿ. ತಿನ್ನುವ ಎಣ್ಣೆಯನ್ನೂ ಒಗ್ಗರಣೆಗೆ ಬಳಸದೆ, ಕಪ್ಪು ಶೀಸೆಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ವೈದ್ಯರು ನಾರು ತಿನ್ನಬೇಡಿ ಎಂದವರಿಗೆ ಎಣ್ಣೆಯೇ ಸರಿ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಎರಡರಲ್ಲಿ ಯಾವುದಕ್ಕೂ ಮೊದಲು ವೈದ್ಯರನ್ನು ಕೇಳಬೇಕು. ಪುಡಿ ತಿಂದವರು ಸಾಕಷ್ಟು ನೀರು ಕುಡಿಯಬೇಕು. ಅದರ ಲೋಳೆ ಔಷಧ ಹೀರಿಕೆಯನ್ನು ತಡಮಾಡಬಲ್ಲದಾದ್ದರಿಂದ, ಮಾತ್ರೆಗೂ ಅದಕ್ಕೂ ಒಂದೆರಡು ಗಂಟೆಯ ಅಂತರವಿರಲಿ.