ಸಾ ತಾತು ಅಂದರೆ ಎಷ್ಟು ಗಂಟೆ?

ಕೇಳುಗರಿಗೆ ನಮಸ್ಕಾರ.

ಜಾಂಜಿಬಾರ್ ಹೆಸರು ಕೇಳಿರುತ್ತೀರಿ. ಆಫ್ರಿಕಾದ ಪೂರ್ವ ಕರಾವಳಿಯ ಪಕ್ಕದಲ್ಲಿದೆ, ಟಾಂಜಾನಿಯಾಕ್ಕೆ ಸೇರಿದ್ದು, ಲವಂಗಕ್ಕೆ ಹೆಸರಾದದ್ದು. ಪೂರ್ವ ಆಫ್ರಿಕಾದ ಭಾಷೆ ಸ್ವಾಹಿಲಿ ಕಲಿಯಬೇಕೆಂದಾಗ ನಾನು ಹೋದದ್ದು ಅಲ್ಲಿಗೆ. ಬ್ರಿಟಿಷರ ಆಳ್ವಿಕೆಯಲ್ಲಿ, 1930ರ ಹೊತ್ತಿಗೆ, ಶಿಷ್ಟ ಸ್ವಾಹಿಲಿ ಯಾವುದಾಗಬೇಕು ಎಂದು ಗೊತ್ತುಮಾಡಿದರು. ಆಗ ಬುನಾದಿಯಾಗಿ ಹಿಡಿದದ್ದು ಈ ದ್ವೀಪದ ಆಡುಮಾತನ್ನೇ.

ಮೊದಲ ತಿಂಗಳು ಅಲ್ಲಿನ ಹಳೆ ಪಟ್ಟಣ ಸ್ಟೋನ್ ಟೌನ್‌ನಲ್ಲಿ ಪಾಠ. ನಮಗೆ ಕ್ರಿಯಾಪದದ ಬಾಲ ಬೆಳೆಸಿ ಅಭ್ಯಾಸ. ಮಾಡುತ್ತೇನೆ, ಮಾಡುತ್ತಾಳೆ, ಮಾಡುತ್ತವೆ. ಸ್ವಾಹಿಲಿಯಲ್ಲಿ ಬೆಳೆಯುವುದು ತಲೆ. 'ನಿತಾಕುಪಿಕಿಯ' ಎನ್ನುವುದು ಒಂದೇ ಪದ. 'ನಿ' ಅಂದರೆ ನಾನು, 'ತಾ' ಅಂದರೆ ಮುಂದೆ ಆಗುವುದು, 'ಕು' ಅಂದರೆ ನಿನಗೆ. ಆಮೇಲೆ ಅಡುಗೆ. ನಿನಗೆ ಅಡುಗೆ ಮಾಡಿಕೊಡುತ್ತೇನೆ, ಅಷ್ಟೇ! ನಾಮಪದಕ್ಕೂ ಬದಲಾವಣೆ ಮುಂದುಗಡೆಯೇ. ಅರಬ್ಬಿಯಿಂದ ಬಂದ 'ಕಿತಾಬು' ಒಂದು ಪುಸ್ತಕ. ಎರಡಾದರೆ 'ವಿತಾಬು'. ಪಾಪ, ಅರಬ್ಬಿಯವರು ಕೇಳಿದರೆ ಏನಂದುಕೊಳ್ಳುತ್ತಾರೋ!

ಇದೆಲ್ಲ ಬೇಗ ಬಂತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಸ್ವಲ್ಪ ಜಂಬವೂ ಬಂತು.

ಎರಡನೇ ತಿಂಗಳು ಇಂಟರ್ನ್‌ಶಿಪ್. ಪೂರ್ವ ತೀರದ ಒಂದು ಹಳ್ಳಿಯ ಮನೆಯಲ್ಲಿ ವಾಸ, ಕಡಲ ಪಾಚಿ ಬೆಳೆಯುವ ಹೆಂಗಸರ ಜೊತೆ ಕೆಲಸ. ಪಾಚಿಗೆ ಅಲ್ಲಿ 'ಮ್ವಾನಿ' ಅನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಈ ಬೇಸಾಯ ಅಲ್ಲಿ ಶುರುವಾಯಿತು. ನೀರು ಇಳಿದಾಗ ಮರಳಿನಲ್ಲಿ ಗೂಟ ನೆಟ್ಟು, ಹಗ್ಗ ಎಳೆದು, ಅದಕ್ಕೆ ಪಾಚಿಯ ಚೂರುಗಳನ್ನು ಕಟ್ಟಬೇಕು. ಬೆಳೆದ ಮೇಲೆ ಕೊಯ್ದು ಒಣಗಿಸಿ ಮಾರುತ್ತಾರೆ. ನಮ್ಮ ಟೂತ್‌ಪೇಸ್ಟ್, ಐಸ್‌ಕ್ರೀಮು ಗಟ್ಟಿಯಾಗಿ ನಿಲ್ಲಲು ಹಾಕುವ ಪದಾರ್ಥ ಇಂಥ ಪಾಚಿಯಿಂದಲೇ ಬರುತ್ತದೆ.

ಮೊದಲ ದಿನ ಗುಂಪಿನ ಹಿರಿಯ ಹೆಂಗಸು "ನಾಳೆ ಸಾ ತಾತುಗೆ ಬಾ" ಅಂದರು. ಸಾ ಅಂದರೆ ಗಂಟೆ, ತಾತು ಅಂದರೆ ಮೂರು. ಅಷ್ಟು ಬರುತ್ತಿತ್ತಲ್ಲ! ಮರುದಿನ ಊಟ ಮಾಡಿ, ಸಣ್ಣ ನಿದ್ದೆ ಮುಗಿಸಿ, ಮೂರು ಗಂಟೆಗೆ ಸರಿಯಾಗಿ ದಡಕ್ಕೆ ಹೋದೆ. ಕಡಲು ತುಂಬಿಕೊಂಡಿತ್ತು. ಗೂಟಗಳಿಲ್ಲ, ಹಗ್ಗವಿಲ್ಲ, ಹೆಂಗಸರೂ ಇಲ್ಲ. ಬರೀ ನೀಲಿ ನೀರು.

ಸಂಜೆ ಆ ಹಿರಿಯ ಹೆಂಗಸಿನ ಮನೆಗೆ ಹೋದೆ. ಬಾಗಿಲಲ್ಲಿ ನಿಂತು "ಹೋದಿ" ಅಂದೆ. ಒಳಗಿನಿಂದ "ಕರಿಬು" ಅಂತ ಬಂದ ಮೇಲೆಯೇ ಕಾಲಿಡುವುದು. ಹಿರಿಯರಿಗೆ ಹೇಳುವ "ಶಿಕಮೋ" ಹೇಳಿದೆ, ಅವರು "ಮರಹಬ" ಅಂದರು. ಮನೆಯವರ ಯೋಗಕ್ಷೇಮ, ಕೆಲಸ, ರಾತ್ರಿ ನಿದ್ದೆ, ಎಲ್ಲ ವಿಚಾರಿಸಿಕೊಂಡಾಯಿತು. ಇದನ್ನು ಬಿಟ್ಟು ನೇರ ವಿಷಯಕ್ಕೆ ಹೋಗುವುದು ಅಲ್ಲಿ ಒರಟುತನ. ಆಮೇಲೆ ಅವರು ಮೆಲ್ಲಗೆ ಕೇಳಿದರು: "ಸಬಾಬು?"

ನನಗೆ ಚುರುಕ್ ಅಂತು. ಸಬೂಬು ಹೇಳು ಅಂತಿದ್ದಾರಲ್ಲ! ಎರಡೂ ಅರಬ್ಬಿಯ ಒಂದೇ ಪದದಿಂದ ಬಂದವು. ಅಲ್ಲಿ ಸಬಾಬು ಅಂದರೆ ಸುಮ್ನೆ 'ಕಾರಣ'. ನೆಪ ಅನ್ನುವ ಹುಳಿ ಅದರಲ್ಲಿಲ್ಲ. ಆ ಹುಳಿ ನಮ್ಮ ಕಡೆಯದು.

ಕಾರಣ ಹೇಳಿದೆ. ಮನೆಯವರೆಲ್ಲ ನಕ್ಕರು. ಅವರು ಹಗಲಿನ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು, ಎಂಟು ಅಂದರೆ ಎರಡು, ಒಂಬತ್ತು ಅಂದರೆ ಮೂರು. ಪಾಠದ ಪುಸ್ತಕದಲ್ಲೂ ಇದು ಇತ್ತು. ಓದಿದ್ದೆ, ಅಂಕವನ್ನೂ ತೆಗೆದಿದ್ದೆ. ಆದರೆ ಕಿವಿಗೆ ಬಿದ್ದಾಗ ತಲೆ ಹಳೆ ಗಡಿಯಾರವನ್ನೇ ನೋಡಿತು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಅಲ್ಲಿ ನೀರು ಚೆನ್ನಾಗಿ ಇಳಿಯುವುದು ಬೆಳಿಗ್ಗೆ. ನಾನು ಹೋದಾಗ ಉಬ್ಬರದ ಹೊತ್ತು.

"ಪೋಲೆ" ಅಂದರು ಅವರು. ಎಡವಿದವರಿಗೆ, ದಣಿದವರಿಗೆ, ಮೋಸಹೋದವರಿಗೆ, ಎಲ್ಲರಿಗೂ ಪೋಲೆ. ನಮ್ಮ 'ಅಯ್ಯೋ ಪಾಪ'ಕ್ಕೆ ಹತ್ತಿರ, ಆದರೆ ಅಷ್ಟು ಕನಿಕರವಿಲ್ಲ, ಸ್ವಲ್ಪ ಜಾಸ್ತಿ ಗೆಳೆತನ.

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೊರಡುವಾಗ ಅವರು "ನಾಳೆ ಸಾ ನ್ನೆ" ಅಂದರು. ನ್ನೆ ಅಂದರೆ ನಾಲ್ಕು. ಈ ಸಲ ಬೆರಳು ಮಡಚಿ ಆರು ಕೂಡಿಸಿದೆ, ಹತ್ತು. ಆದರೂ ಧೈರ್ಯ ಸಾಲದೆ, "ಬೆಳಿಗ್ಗೆಯೋ, ರಾತ್ರಿಯೋ?" ಅಂತ ಕೇಳಿಬಿಟ್ಟೆ.

ರಾತ್ರಿ ಹತ್ತಕ್ಕೆ ಕಡಲಿಗಿಳಿದು ಪಾಚಿ ಕಟ್ಟುವವರುಂಟೇ! ಅವತ್ತಿನಿಂದ ಆ ಹಳ್ಳಿಯ ಮಕ್ಕಳು ನನ್ನನ್ನು ಕಂಡಾಗಲೆಲ್ಲ ಕೂಗುತ್ತಿದ್ದದ್ದು ಒಂದೇ, ಗಂಟೆ ಎಷ್ಟು?