ಪೆಟ್ಟಿಗೆಯ ಲೆಕ್ಕ

ಹಿರಿಯರಿಗೆ, ಗೆಳೆಯರಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಮಸ್ಕಾರ. ಬಲಗಡೆ ಎರಡು ಬೆಂಚು ಖಾಲಿ ಇವೆ, ಬಂದು ಕುಳಿತುಕೊಳ್ಳಿ. ತರಗತಿಯಲ್ಲಿ ನಿಲ್ಲಿಸಿದ್ದು ಸಾಕು.

ಆಮಂತ್ರಣದಲ್ಲಿ ‘ಗಡಿನಾಡಿನ ಸಾರಿಗೆ’ ಎಂದು ದೊಡ್ಡ ವಿಷಯವನ್ನೇ ಅಚ್ಚು ಹಾಕಿಸಿದ್ದಾರೆ. ನಾನು ಮಾತನಾಡುವುದು ಒಂದು ಬಸ್ಸಿನ ಬಗ್ಗೆ. ಕಾಸರಗೋಡಿನಿಂದ ಹೊರಟು ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಜನರನ್ನು ಹತ್ತಿಸಿಕೊಂಡು ಗಡಿಯ ತಲಪಾಡಿ ದಾಟಿ ಮಂಗಳೂರು ವಿಮಾನ ನಿಲ್ದಾಣದ ಬಾಗಿಲಿಗೇ ಹೋಗಿ ನಿಲ್ಲುವ ಬಸ್ಸು; ವಿಮಾನದ ವೇಳೆ ನೋಡಿ ಹೊರಡುವ, ವಿಮಾನದ ವೇಳೆ ನೋಡಿ ಮರಳುವ ಬಸ್ಸು. ನಾಲ್ಕು ದಿನ ಓಡಿಸಿ, ಹೂಮಾಲೆ ಹಾಕಿದ ಚಿತ್ರ ತೆಗೆಸಿ, ಐದನೆಯ ದಿನ ನಿಲ್ಲಿಸುವ ಬಸ್ಸು ಬೇಡ.

ಕಳೆದ ವರ್ಷ ನನ್ನ ತಂಗಿ ದುಬೈಗೆ ಹೊರಟಳು, ಮಗಳ ಬಾಣಂತನಕ್ಕೆ. ಅರುವತ್ತು ದಾಟಿದವಳು, ವಿಮಾನ ಹತ್ತುವುದು ಅದೇ ಮೊದಲು. ಅವಳ ಪೆಟ್ಟಿಗೆ ಮೂವತ್ತು ಕಿಲೋ. ಅದರಲ್ಲಿ ಅವಳ ಬಟ್ಟೆ ಅಂದರೆ ಮೂರು ಸೀರೆ. ಉಳಿದದ್ದೆಲ್ಲ ಬಾಣಂತಿ ಮದ್ದು, ಲೇಹದ ಭರಣಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಎರಡು ಸೇರು ಕುಚ್ಚಿಲಕ್ಕಿ. ದುಬೈಯಲ್ಲಿ ಅಕ್ಕಿ ಸಿಗುತ್ತದೆ ಎಂದೆ. ‘ಆ ಅಕ್ಕಿಯ ಗಂಜಿಗೂ ಈ ಅಕ್ಕಿಯ ಗಂಜಿಗೂ ಒಂದೆಯಾ?’ ಎಂದಳು. ನಗುತ್ತಿರುವ ತಾಯಂದಿರ ಮನೆಯಲ್ಲೂ ಇಂಥ ಪೆಟ್ಟಿಗೆ ಕಟ್ಟಿದ್ದುಂಟು ಎಂದು ನನಗೆ ಗೊತ್ತು.

ಹೇಳಿಟ್ಟಿದ್ದ ಟ್ಯಾಕ್ಸಿಯವನು ಮಧ್ಯಾಹ್ನ ಫೋನ್ ಮಾಡಿದ, ಗಾಡಿಗೆ ಗಡಿ ದಾಟುವ ಪರ್ಮಿಟ್ ಆಗಿಲ್ಲ, ಬರಲಾಗುವುದಿಲ್ಲ ಎಂದು. ಬೇರೆ ಕಾರು ಹುಡುಕುವಷ್ಟು ಹೊತ್ತಿರಲಿಲ್ಲ. ವಿಮಾನ ರಾತ್ರಿಗೆ, ಬಸ್ಸಿನಲ್ಲೇ ಹೊರಟೆವು. ಅಂದು ನಾನು ಲೆಕ್ಕ ಇಟ್ಟೆ. ಮನೆಯಿಂದ ಬದಿಯಡ್ಕಕ್ಕೆ ಆಟೋ: ಪೆಟ್ಟಿಗೆ ಎತ್ತಿದ್ದು ಒಂದು, ಇಳಿಸಿದ್ದು ಎರಡು. ಬದಿಯಡ್ಕದಿಂದ ಸೀತಾಂಗೋಳಿ ದಾರಿಯಾಗಿ ಕುಂಬಳೆಗೆ ಬಸ್ಸು: ಮೂರು, ನಾಲ್ಕು. ಕುಂಬಳೆಯಲ್ಲಿ ಮಂಗಳೂರು ಬಸ್ಸು ಹತ್ತುವಾಗ ಐದು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿಸುವಾಗ ಆರು, ಆ ಆರನೆಯ ಸಲಕ್ಕೆ ಹಿಡಿ ಕಿತ್ತು ನನ್ನ ಕೈಯಲ್ಲೇ ಉಳಿಯಿತು. ಪೆಟ್ಟಿಗೆ ಮೆಟ್ಟಿಲ ಮೇಲೆ ಜಾರಿ ರಸ್ತೆಗೆ ಬಿತ್ತು. ತಂಗಿ ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು ಪೆಟ್ಟಿಗೆಗೆ ಮೂಗು ಹಚ್ಚಿ ಮೂಸಿದಳು. ಉಪ್ಪಿನಕಾಯಿಯ ವಾಸನೆ ಬರಲಿಲ್ಲ. ಭರಣಿ ಒಡೆದಿಲ್ಲ ಎಂದು ತಿಳಿದ ಮೇಲೆಯೇ ಅವಳು ಎದ್ದದ್ದು.

ಪಕ್ಕದಲ್ಲಿ ಮಲ್ಲಿಗೆ ಮಾರುತ್ತಿದ್ದ ಹೆಂಗಸು ಇದನ್ನೆಲ್ಲ ನೋಡುತ್ತಿದ್ದರು. ತಮ್ಮ ಬುಟ್ಟಿಗೆ ಸುತ್ತಿದ್ದ ನೀಲಿ ಪ್ಲಾಸ್ಟಿಕ್ ಹಗ್ಗ ಬಿಚ್ಚಿ, ಪೆಟ್ಟಿಗೆಗೆ ಅಡ್ಡ ಎರಡು ಸುತ್ತು, ಉದ್ದ ಎರಡು ಸುತ್ತು ಬಿಗಿದು, ಮೇಲೆ ಕೈ ಹಿಡಿಯುವುದಕ್ಕೆ ಒಂದು ಕುಣಿಕೆ ಮಾಡಿಕೊಟ್ಟರು. ಹಣ ಕೊಡಹೋದರೆ ತುಳುವಿನಲ್ಲಿ ಗದರಿ, ತಂಗಿಯ ಮುಡಿಗೆ ಒಂದು ಗೇಣು ಮಲ್ಲಿಗೆಯನ್ನೂ ಸಿಕ್ಕಿಸಿದರು. ನೀಲಿ ಹಗ್ಗದ ಆ ಪೆಟ್ಟಿಗೆಯೇ ದುಬೈ ಮುಟ್ಟಿತು.

ಮೊದಲು ಬಂದ ಸಿಟಿ ಬಸ್ಸಿನಲ್ಲಿ ಪೆಟ್ಟಿಗೆ ಇಡಲು ಜಾಗವಿಲ್ಲ ಎಂದರು. ನಿಂತವರ ಕಾಲ ಮೇಲೆ ಇಡುವಂತಿರಲಿಲ್ಲ, ಅವರದೂ ತಪ್ಪಲ್ಲ. ಅದು ಊರೊಳಗೆ ಓಡುವ ಬಸ್ಸು. ಎರಡನೆಯದು ಹತ್ತಿಸಿಕೊಂಡಿತು: ಏಳು. ಕಾವೂರು, ಮರವೂರು ದಾಟಿ ಕೆಂಜಾರಿನಲ್ಲಿ ಇಳಿದೆವು: ಎಂಟು. ಟರ್ಮಿನಲ್ ಇರುವುದು ಗುಡ್ಡದ ಮೇಲೆ, ಮತ್ತೆ ಆಟೋ: ಒಂಬತ್ತು, ಹತ್ತು.

ಹತ್ತು ಸಲ. ರಸ್ತೆ ಎಷ್ಟು ಪಥದ್ದು, ಎಷ್ಟು ಕೋಟಿಯದ್ದು ಎಂದು ಯಾರಾದರೂ ಹೇಳಲು ಬಂದರೆ ನಾನು ಇದನ್ನೇ ಕೇಳುತ್ತೇನೆ: ಪೆಟ್ಟಿಗೆ ಎಷ್ಟು ಸಲ ಎತ್ತಬೇಕು?

ರಸ್ತೆ ಆಗಿದೆ, ಇಲ್ಲವೆನ್ನುವುದಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೆದ್ದಾರಿ ಆರು ಪಥವಾಯಿತು. ಒಂದು ಕಾಲದಲ್ಲಿ ಮಳೆಗಾಲದ ಹೊಂಡಗಳಲ್ಲಿ ಬಸ್ಸು ತೊಟ್ಟಿಲಿನಂತೆ ತೂಗುತ್ತಿದ್ದ ದಾರಿ ಅದು. ಆದರೆ ಆರು ಪಥದ ಹೆದ್ದಾರಿಯಲ್ಲಿ ಕೈ ತೋರಿಸಿದಲ್ಲಿ ಬಸ್ಸು ನಿಲ್ಲುವುದಿಲ್ಲ. ಬಸ್ಸು ಹಿಡಿಯಲು ನಾವು ಸರ್ವಿಸ್ ರಸ್ತೆಗೆ ಬರಬೇಕು, ಆಚೆ ಬದಿಗೆ ಅಂಡರ್‌ಪಾಸ್ ಹುಡುಕಬೇಕು. ಕಾರಿನವನಿಗೆ ಹತ್ತಿರವಾದ ಮಂಗಳೂರು ಪೆಟ್ಟಿಗೆ ಹಿಡಿದವನಿಗೆ ದೂರವಾಯಿತು. ತಲಪಾಡಿ ದಾಟಿದರೆ ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು. ಅಲ್ಲಿ ಕಳೆಯುವ ಹೊತ್ತನ್ನು ನಿಮಗೆ ವಿವರಿಸಬೇಕಾಗಿಲ್ಲ. ಮರವೂರಿನಲ್ಲಿ ಫಲ್ಗುಣಿ ನದಿಯ ಸೇತುವೆ 2021ರ ಜೂನ್‌ನಲ್ಲಿ ಬಿರುಕು ಬಿಟ್ಟು ಕುಸಿದಾಗ ವಿಮಾನ ನಿಲ್ದಾಣದ ನೇರ ದಾರಿಯೇ ಬಂದ್ ಆಗಿ, ಸುತ್ತು ಬಳಸಿ ಹೋಗಬೇಕಾಯಿತು. ಒಂದು ನಿಲ್ದಾಣ ಒಂದೇ ಸೇತುವೆಯನ್ನು ನೆಚ್ಚಿಕೊಳ್ಳಬಾರದು ಎಂದು ಅಂದೇ ಅರ್ಥವಾಗಬೇಕಿತ್ತು.

ಅದಕ್ಕೇ ನಮ್ಮ ಒಳನಾಡಿನ ದಾರಿಯ ಮಾತು. ಪೆರ್ಲದಿಂದ ಅಡ್ಯನಡ್ಕ, ವಿಟ್ಲ, ಬಿ.ಸಿ. ರೋಡು, ಪೊಳಲಿ, ಕೈಕಂಬ, ವಿಮಾನ ನಿಲ್ದಾಣದ ಪಕ್ಕದ ಬಜ್ಪೆ. ಮಂಗಳೂರು ಪೇಟೆಯ ಒಳಗೆ ಹೋಗಲೇಬೇಕಿಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯದವರಿಗೆ ಇದು ಎರಡನೆಯ ಬಾಗಿಲು. ತಿರುವುಗಳನ್ನು ಸರಿಪಡಿಸಿ, ಸೇತುವೆಗಳನ್ನು ಗಟ್ಟಿ ಮಾಡಿ, ದಿನಕ್ಕೆ ಎರಡು ಬಸ್ಸು ಬಿಟ್ಟು ನೋಡಲಿ.

ಆ ವಿಮಾನ ನಿಲ್ದಾಣ ನಮ್ಮವರ ಬಾಯಲ್ಲಿ ಇನ್ನೂ ‘ಬಜ್ಪೆ’ಯೇ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ದಿನದಿಂದ ಅದು ಬಜ್ಪೆ. ಟರ್ಮಿನಲ್ ಕೆಂಜಾರಿಗೆ ಬಂದದ್ದು 2010ರಲ್ಲಿ. ದುಬೈಗೆ ನೇರ ವಿಮಾನ ಅದಕ್ಕೂ ಮೊದಲೇ, 2006ರಲ್ಲಿ, ಹಳೆಯ ಟರ್ಮಿನಲ್‌ನಿಂದಲೇ ಶುರುವಾಗಿತ್ತು. 2006ಕ್ಕೆ ಮೊದಲು ನಮ್ಮ ಹುಡುಗರು ಬೊಂಬಾಯಿಗೋ ಕರಿಪ್ಪೂರಿಗೋ ಹೋಗುತ್ತಿದ್ದರು. ನನ್ನ ಅಣ್ಣ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ಹಾರಿದವನು. ತಮಾಷೆಯಲ್ಲ, ಮಂಗಳೂರಿನಲ್ಲಿ ಮೇಲೆ ಹೋದ ಅವನ ಪೆಟ್ಟಿಗೆ ಬೊಂಬಾಯಿಯಲ್ಲಿ ಕೆಳಗೆ ಬಂತು. ಎತ್ತಿದ್ದು ಒಮ್ಮೆ, ಇಳಿಸಿದ್ದು ಒಮ್ಮೆ! ಸಾವಿರ ಕಿಲೋಮೀಟರಿನ ಬೊಂಬಾಯಿ ದಾರಿಯಲ್ಲಿ ಸಾಧ್ಯವಾದದ್ದು ಅರುವತ್ತು ಚಿಲ್ಲರೆ ಕಿಲೋಮೀಟರಿನ ಕೆಂಜಾರಿಗೆ ಏಕೆ ಸಾಧ್ಯವಾಗುವುದಿಲ್ಲ?

2010ರ ಮೇ 22ರ ಬೆಳಗ್ಗೆಯನ್ನು ಇಲ್ಲಿ ಯಾರೂ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಣಿವೆಗೆ ಉರುಳಿ 158 ಜನ ಹೋದರು. ಉಳಿದವರು ಎಂಟು ಮಂದಿ. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಅಂದು ಒಲೆ ಉರಿಯಲಿಲ್ಲ. ಆ ನಿಲ್ದಾಣಕ್ಕೂ ನಮಗೂ ಎಂಥ ಸಂಬಂಧ ಎಂದು ಯಾರಾದರೂ ಕೇಳಿದರೆ ಆ ಮನೆಗಳನ್ನು ತೋರಿಸಿ.

ಕೇರಳದ ಕಡೆಯವರನ್ನು ಕೇಳಿದರೆ ಕಣ್ಣೂರು ಇದೆಯಲ್ಲ ಎನ್ನುತ್ತಾರೆ. ಇದೆ. 2018ರ ಡಿಸೆಂಬರ್ 9ರಿಂದ ಮಟ್ಟನ್ನೂರಿನಲ್ಲಿ ಚೆಂದದ ನಿಲ್ದಾಣವಿದೆ, ಸಂತೋಷ. ಬದಿಯಡ್ಕದಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮಿಕ್ಕಿ ದಾರಿ. ಕರ್ನಾಟಕದ ಕಡೆಯವರನ್ನು ಕೇಳಿದರೆ ನೀವು ಕೇರಳದವರಲ್ಲವೇ ಎನ್ನುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಎರಡು ಮಾತುಗಳ ನಡುವೆ ನಾವು ಬದುಕುತ್ತಿದ್ದೇವೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ದಾರಿಯಲ್ಲೇ ಉಳಿದರು. ಅದನ್ನು ನೆನೆದರೆ ನನಗೆ ಈಗಲೂ ಕೈ ನಡುಗುತ್ತದೆ. ಗಡಿಯ ಗೆರೆ ಕಾಗದದಲ್ಲಿರಲಿ, ನನಗೆ ತಕರಾರಿಲ್ಲ. ಅದು ಬಸ್ಸಿನ ಚಕ್ರಕ್ಕೆ ಅಡ್ಡ ಬರಬಾರದು.

ಕಾನೂನು ಬಿಡುವುದಿಲ್ಲ ಎನ್ನುವವರಿಗೆ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮು ಇರುವುದೇ ಇದಕ್ಕೆ. ಎರಡು ರಾಜ್ಯಗಳು ಕುಳಿತು ಒಪ್ಪಂದದ ಕರಡು ಮಾಡಿ ಗೆಜೆಟ್‌ನಲ್ಲಿ ಪ್ರಕಟಿಸುತ್ತವೆ, ಆಕ್ಷೇಪ ಇದ್ದವರನ್ನು ಕೇಳುತ್ತವೆ, ಆಮೇಲೆ ಇಷ್ಟು ಬಸ್ಸು ನಿಮ್ಮದು ಇಷ್ಟು ನಮ್ಮದು ಎಂದು ಓಡಿಸುತ್ತವೆ. ಕಾಸರಗೋಡು–ಮಂಗಳೂರು ದಾರಿಯಲ್ಲಿ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತಿರುವುದು ಹೀಗೆಯೇ. ಅವುಗಳಲ್ಲಿ ಕೆಲವನ್ನು ಮುಂದಕ್ಕೆ ಕೆಂಜಾರಿನವರೆಗೆ ಒಯ್ಯಿರಿ ಎನ್ನುತ್ತಿದ್ದೇವೆ, ಅಷ್ಟೇ. ಮೈಸೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕರ್ನಾಟಕ ಸಾರಿಗೆಯ ಫ್ಲೈಬಸ್ ಓಡುತ್ತದೆ, ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಮೈಸೂರಿನವರ ಪೆಟ್ಟಿಗೆ ಒಮ್ಮೆ ಬಸ್ಸಿನ ಹೊಟ್ಟೆಯೊಳಗೆ ಹೋದರೆ ಟರ್ಮಿನಲ್ ಎದುರಿಗೇ ಹೊರಗೆ ಬರುತ್ತದೆ.

ಅಧ್ಯಕ್ಷರು ಗಡಿಯಾರ ನೋಡಿದರು, ನಾನೂ ನೋಡಿದೆ. ಟ್ಯಾಕ್ಸಿ ಪರ್ಮಿಟ್ಟಿನ ಬಗ್ಗೆ, ರೈಲಿನ ಬಗ್ಗೆ ಬರೆದುಕೊಂಡ ಹಾಳೆಗಳು ಹಾಗೇ ಇವೆ. ರೈಲಿನದು ಒಂದೇ ವಾಕ್ಯ: ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದವರಿಗೆ ನಿಲ್ದಾಣದ ಅಂಗಳದಿಂದಲೇ ಕೆಂಜಾರಿನ ಬಸ್ಸು ಹೊರಡುವಂತಾಗಬೇಕು. ಬಸ್ಸಿನ ಬೋರ್ಡು ಕನ್ನಡ, ಮಲಯಾಳಂ ಎರಡರಲ್ಲೂ ಇರಬೇಕು. ರಾತ್ರಿ ಬಂದಿಳಿಯುವವರ ಕಷ್ಟ ಇನ್ನೊಂದು ದಿನ ಹೇಳುತ್ತೇನೆ. ಎರಡು ವರ್ಷದ ಮೇಲೆ ಊರಿಗೆ ಬಂದವನು ಬೆಳಗಿನ ಮೊದಲ ಬಸ್ಸಿಗಾಗಿ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಾಗಿಲ ಬಳಿ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟಿದ್ದೇವೆ, ಪೆನ್ನೂ ಇದೆ. ಹೋಗುವಾಗ ನಿಮ್ಮ ಊರು, ಕಳೆದ ಸಲ ಹತ್ತಿದ ಅಥವಾ ಇಳಿದ ವಿಮಾನದ ವೇಳೆ, ಮನೆಯಿಂದ ಕೆಂಜಾರಿಗೆ ಪೆಟ್ಟಿಗೆ ಎಷ್ಟು ಸಲ ಮೇಲೆ ಕೆಳಗೆ ಆಯಿತು, ಇಷ್ಟು ಬರೆದಿಡಿ. ಕನ್ನಡ, ಮಲಯಾಳಂ, ಯಾವುದರಲ್ಲಾದರೂ ಆಗುತ್ತದೆ. ಎರಡೂ ರಾಜ್ಯಗಳ ಸಾರಿಗೆ ಸಚಿವರಿಗೆ ಈ ಹಾಳೆಗಳನ್ನೇ ಕಳುಹಿಸುತ್ತೇವೆ. ಮೊದಲ ಹಾಳೆಯಲ್ಲಿ ನನ್ನ ತಂಗಿ ಬರೆದಿದ್ದಾಳೆ, ಅದರ ಕೆಳಗೆ ಬರೆಯಿರಿ.