ಒಬ್ಬರೇ ಕೋಚ್, ಎರಡು ಕೆಲಸ: ಬಫಲೊ ಮೈದಾನದಿಂದ ಒಂದು ವ್ಲಾಗ್

ಎಡಗಡೆ ಕಾಣುತ್ತಿರುವುದು ಅಮೆರಿಕನ್ ಫುಟ್‌ಬಾಲ್ ಆಡುವ ಬಫಲೊ ಬಿಲ್ಸ್ ತಂಡದ ಹಳೆಯ ಕ್ರೀಡಾಂಗಣ. ಬಲಗಡೆ, ಅಬಾಟ್ ರಸ್ತೆಯ ಆಚೆ, ಕ್ರೇನುಗಳ ನಡುವೆ ಏಳುತ್ತಿರುವುದು ಹೊಸದು. ಈ ದೃಶ್ಯಗಳನ್ನು ಚಿತ್ರೀಕರಿಸಿದ್ದು 2025ರಲ್ಲಿ, ಒಂದು ಪಂದ್ಯದ ದಿನ. ಕಟ್ಟಡದ ವರ್ಣನೆ ಮಾಡುವುದಿಲ್ಲ, ಅದು ನಿಮಗೇ ಕಾಣುತ್ತಿದೆ. ನಾನು ಹೇಳಹೊರಟಿರುವುದು 2023ರ ಋತುವಿನಲ್ಲಿ ಇದೇ ಮೈದಾನದ ಅಂಚಿನಲ್ಲಿ ನಿಂತು ಇಬ್ಬರ ಕೆಲಸವನ್ನು ಒಬ್ಬರೇ ಮಾಡಿದ ಹೆಡ್ ಕೋಚ್ ಷಾನ್ ಮೆಕ್‌ಡರ್ಮಟ್ ಅವರ ವಿಷಯ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿಯೊಂದು ಆಟಕ್ಕೂ ಮೊದಲು ಡಿಫೆನ್ಸ್‌ನ, ಅಂದರೆ ಎದುರಾಳಿಯನ್ನು ತಡೆಯುವ ಕಡೆಯ, ಹನ್ನೊಂದು ಮಂದಿ ಹೇಗೆ ನಿಲ್ಲಬೇಕು, ಯಾರು ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಮೇಲೆ ನುಗ್ಗಬೇಕು, ಯಾರು ಹಿಂದೆ ಉಳಿದು ಕಾಯಬೇಕು ಎಂಬುದನ್ನು ಹೇಳುವ ಕೆಲಸ ಸಾಮಾನ್ಯವಾಗಿ ಡಿಫೆನ್ಸಿವ್ ಕೋಆರ್ಡಿನೇಟರ್ ಅವರದು. ಬಫಲೊದಲ್ಲಿ ಆ ಹುದ್ದೆಯಲ್ಲಿ 2017ರಿಂದ ಇದ್ದವರು ಲೆಸ್ಲಿ ಫ್ರೇಜಿಯರ್. 2023ರ ಫೆಬ್ರವರಿಯ ಕೊನೆಯಲ್ಲಿ ಅವರು ಒಂದು ವರ್ಷ ಕೋಚಿಂಗ್‌ನಿಂದ ದೂರ ಉಳಿಯುವುದಾಗಿ ಪ್ರಕಟವಾಯಿತು. ಮೆಕ್‌ಡರ್ಮಟ್ ಆ ಜಾಗಕ್ಕೆ ಬೇರೊಬ್ಬರನ್ನು ತರದೆ, ಪ್ಲೇ-ಕಾಲಿಂಗ್ ಹೊಣೆಯನ್ನು, ಅಂದರೆ ಪ್ರತಿ ಆಟಕ್ಕೂ ಮೊದಲು ಆ ಕರೆ ಕೊಡುವ ಕೆಲಸವನ್ನು, ತಾವೇ ವಹಿಸಿಕೊಂಡರು.

ಕ್ಯಾಮೆರಾ ಈಗ ಹತ್ತಿರಕ್ಕೆ ಹೋಗಿದೆ. ಆ ಆಟಗಾರನ ಹೆಲ್ಮೆಟ್‌ನ ಹಿಂಬದಿಯಲ್ಲಿರುವ ಹಸಿರು ಚುಕ್ಕಿಯನ್ನು ಗಮನಿಸಿ. ಕೋಚ್ ಆಡುವ ಮಾತು ಕೇಳುವುದು ಆ ಹೆಲ್ಮೆಟ್‌ನೊಳಗೆ ಮಾತ್ರ. ಕ್ವಾರ್ಟರ್‌ಬ್ಯಾಕ್‌ಗಳಿಗೆ ಈ ಸೌಲಭ್ಯ 1994ರಲ್ಲೇ ಸಿಕ್ಕಿತು, ಡಿಫೆನ್ಸ್‌ಗೆ ದೊರೆತದ್ದು 2008ರಲ್ಲಿ. 2023ರಲ್ಲಿ ಬಫಲೊದ ಹಸಿರು ಚುಕ್ಕಿ ಟೆರೆಲ್ ಬರ್ನಾರ್ಡ್ ಎಂಬ ಎರಡನೆಯ ವರ್ಷದ ಲೈನ್‌ಬ್ಯಾಕರ್‌ನ (ಡಿಫೆನ್ಸ್‌ನ ನಡುಸಾಲಿನ ಆಟಗಾರ) ತಲೆಯ ಮೇಲಿತ್ತು. ಆಚೆ ತುದಿಯಲ್ಲಿ ಓಡುತ್ತಿರುವುದು ಮುಂದಿನ ಆಟ ಶುರುವಾಗಬೇಕಾದ ಗಡುವನ್ನು ತೋರಿಸುವ ನಲವತ್ತು ಸೆಕೆಂಡುಗಳ ಪ್ಲೇ ಕ್ಲಾಕ್; ಅದರಲ್ಲಿ ಹದಿನೈದು ಉಳಿದಾಗ ರೇಡಿಯೊ ತಾನಾಗಿಯೇ ಕಡಿದುಹೋಗುತ್ತದೆ. ಹೀಗೆ ಉಳಿಯುವ ಇಪ್ಪತ್ತೈದು ಸೆಕೆಂಡುಗಳಲ್ಲಿ ಎದುರಾಳಿ ಯಾರನ್ನು ಒಳಗೆ ಕಳಿಸುತ್ತಿದ್ದಾರೆ ಎಂದು ನೋಡಿ, ಅದಕ್ಕೆ ತಕ್ಕ ಉತ್ತರ ಆರಿಸಿ, ಅದನ್ನು ಬರ್ನಾರ್ಡ್‌ಗೆ ಮುಟ್ಟಿಸಬೇಕು. ಅದೇ ಇಪ್ಪತ್ತೈದು ಸೆಕೆಂಡುಗಳಲ್ಲಿ ಹೆಡ್ ಕೋಚ್ ಆದವರು ಹಿಂದಿನ ಆಟದ ತೀರ್ಪನ್ನು ಪ್ರಶ್ನಿಸಲು ಕೆಂಪು ಬಾವುಟ ಎಸೆಯಬೇಕೇ, ಟೈಮ್‌ಔಟ್ ಕೇಳಬೇಕೇ ಎಂಬುದನ್ನೂ ತೀರ್ಮಾನಿಸಬೇಕಾಗುತ್ತದೆ. ಆಂಡಿ ರೀಡ್, ಕೈಲ್ ಶ್ಯಾನಹನ್ ಮುಂತಾದವರು ಹೆಡ್ ಕೋಚ್ ಆಗಿದ್ದುಕೊಂಡೇ ಆಫೆನ್ಸ್ (ದಾಳಿ ಮಾಡುವ ಕಡೆ) ನಡೆಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಆಫೆನ್ಸ್ ಮೊದಲು ಮಾತಾಡುತ್ತದೆ, ಡಿಫೆನ್ಸ್ ಕಾದು ಉತ್ತರಿಸುತ್ತದೆ. ಕಾಯುವವನಿಗೆ ಸಮಯ ಯಾವಾಗಲೂ ಕಡಿಮೆ.

ಈಗ 2023ರ ನವೆಂಬರ್ 13ರ ರಾತ್ರಿಗೆ ಬರುತ್ತೇನೆ. ಇದರ ಬಗ್ಗೆ ತುಸು ಹೆಚ್ಚೇ ಮಾತಾಡುವವನಿದ್ದೇನೆ, ಸಹಿಸಿಕೊಳ್ಳಿ. ಡೆನ್ವರ್ ಬ್ರಾಂಕೋಸ್ ವಿರುದ್ಧದ ಸೋಮವಾರದ ಪಂದ್ಯ. ನನ್ನ ಆಸನ ಮೇಲಿನ ಹಂತದಲ್ಲಿತ್ತು. ಇನ್ನೆರಡು ನಿಮಿಷವೂ ಉಳಿಯದಿದ್ದಾಗ ಬಫಲೊದ ಕ್ವಾರ್ಟರ್‌ಬ್ಯಾಕ್ ಜಾಷ್ ಆ್ಯಲೆನ್ ಚೆಂಡು ಹಿಡಿದು ಓಡಿ ಟಚ್‌ಡೌನ್ ಗಳಿಸಿದರು. ಬಫಲೊ 22, ಡೆನ್ವರ್ 21. ಡೆನ್ವರ್ ಮುನ್ನುಗ್ಗುತ್ತ ಬಂದು ಮೂರನೆಯ ಡೌನ್‌ನಲ್ಲಿ (ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ) ಹತ್ತು ಗಜ ಬೇಕಾದ ಸ್ಥಿತಿಗೆ ತಲುಪಿತು. ಆಗ ಮೆಕ್‌ಡರ್ಮಟ್ ಕರೆದದ್ದು ಝೀರೋ ಬ್ಲಿಟ್ಜ್. ಅಂದರೆ, ಹಿಂದೆ ಕಾವಲಿಗೆ ಒಬ್ಬ ಸೇಫ್ಟಿಯನ್ನೂ ಉಳಿಸದೆ ಕ್ವಾರ್ಟರ್‌ಬ್ಯಾಕ್ ಮೇಲೆ ಜನರನ್ನು ನುಗ್ಗಿಸುವುದು. ಡೆನ್ವರ್‌ನ ಕ್ವಾರ್ಟರ್‌ಬ್ಯಾಕ್ ರಸಲ್ ವಿಲ್ಸನ್ ಚೆಂಡನ್ನು ಎತ್ತರಕ್ಕೆ ಎಸೆದರು. ಅದನ್ನು ಹಿಡಿಯಲು ಓಡುತ್ತಿದ್ದವನನ್ನು ಬಫಲೊದ ಟಾರಾನ್ ಜಾನ್ಸನ್ ನಿಯಮ ಮೀರಿ ತಡೆದರೆಂದು ದಂಡವಾಗಿ 28 ಗಜ ಡೆನ್ವರ್‌ಗೆ ಹೋಯಿತು. ಆ ಕರೆ ನನಗೆ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ.

ನಂತರ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಗಡಿಯಾರ ಓಡುತ್ತಿದ್ದಂತೆಯೇ ಮೂರು ಅಂಕದ ಕಿಕ್ ಒದೆಯಲು ಡೆನ್ವರ್‌ನ ಕಿಕ್ ತಂಡ ಆತುರಾತುರವಾಗಿ ಒಳಗೆ ನುಗ್ಗಿತು. ಬಫಲೊದ ಕಡೆಯಿಂದಲೂ ಕೆಲವರು ಒಳಗೆ, ಕೆಲವರು ಹೊರಗೆ ಓಡಿದರು. ವಿಲ್ ಲಟ್ಸ್ ಒದ್ದ 41 ಗಜದ ಕಿಕ್ ಬಲಕ್ಕೆ ಸರಿದು ತಪ್ಪಿತು. ಕ್ರೀಡಾಂಗಣವೇ ಎದ್ದು ಕುಣಿಯಿತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನನ್ನು ತಬ್ಬಿಕೊಂಡ ಭರದಲ್ಲಿ ಅವರ ಕೈಯಲ್ಲಿದ್ದ ಬಿಯರ್ ನನ್ನ ಜಾಕೆಟ್ಟಿನ ತೋಳಿನೊಳಗೇ ಇಳಿಯಿತು. ಆಮೇಲೆ ನೆಲದ ಮೇಲೆ ಬಿದ್ದಿದ್ದ, ತಪ್ಪನ್ನು ಸೂಚಿಸುವ ಹಳದಿ ಬಾವುಟ ಕಣ್ಣಿಗೆ ಬಿತ್ತು. ಬಫಲೊದ ಪರವಾಗಿ ಮೈದಾನದಲ್ಲಿ ಹನ್ನೆರಡು ಮಂದಿ ಇದ್ದರು. ಐದು ಗಜ ಮುಂದಕ್ಕೆ ಸರಿಸಿ ಮತ್ತೆ ಒದೆಯಲು ಅವಕಾಶ ಕೊಟ್ಟರು. 36 ಗಜದ ಆ ಕಿಕ್ ಗುರಿ ಮುಟ್ಟಿತು, ಡೆನ್ವರ್ 24–22ರಿಂದ ಗೆದ್ದಿತು. ಒದ್ದೆ ತೋಳಿನಲ್ಲೇ, ಚಳಿಯಲ್ಲಿ, ಕಾರಿನವರೆಗೆ ನಡೆದೆ. ತಮ್ಮ ಕಡೆ ಹನ್ನೊಂದು ಜನರಿದ್ದಾರೋ ಇಲ್ಲವೋ ಎಂದು ಎಣಿಸುವುದಕ್ಕಿಂತ ಸುಲಭವಾದ ಕೆಲಸ ಈ ಆಟದಲ್ಲಿ ಇನ್ನೊಂದಿಲ್ಲ.

ಎಣಿಸುವ ಹೊಣೆ ನೇರವಾಗಿ ಮೆಕ್‌ಡರ್ಮಟ್ ಅವರದೇ ಎನ್ನಲಾಗದು, ಕಿಕ್‌ಗಳ ವೇಳೆ ಇಳಿಯುವ ತಂಡಕ್ಕೆ ಬೇರೆಯೇ ಕೋಚ್ ಇರುತ್ತಾರೆ. ಆದರೂ ಹೆಡ್ ಕೋಚ್ ಎಂಬವರು ಅಲ್ಲಿರುವುದು ಇಂಥ ಗಳಿಗೆಯಲ್ಲಿ ಇಡೀ ಮೈದಾನವನ್ನು ನೋಡುತ್ತಿರಲಿ ಎಂದೇ ಹೊರತು, ಒಂದು ಬ್ಲಿಟ್ಜ್ ಏಕೆ ಕೈಕೊಟ್ಟಿತೆಂದು ತಲೆ ಕೆಡಿಸಿಕೊಂಡಿರಲಿ ಎಂದಲ್ಲ. ಮರುದಿನ ಕೆಲಸ ಕಳೆದುಕೊಂಡವರು ಆಫೆನ್ಸಿವ್ ಕೋಆರ್ಡಿನೇಟರ್ ಕೆನ್ ಡಾರ್ಸಿ. ಅಂದು ಬಫಲೊ ನಾಲ್ಕು ಸಲ ಚೆಂಡು ಕಳೆದುಕೊಂಡಿದ್ದು ನಿಜ, ಆಫೆನ್ಸ್ ಸೊರಗಿತ್ತೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಝೀರೋ ಬ್ಲಿಟ್ಜ್ ಕರೆದವರನ್ನು ಪ್ರಶ್ನಿಸಬೇಕಾಗಿದ್ದವರು ಯಾರು? ಹೆಡ್ ಕೋಚ್. ಕರೆದವರು ಯಾರು? ಅವರೇ. ಅನಿಲ್ ಕುಂಬ್ಳೆ ನಾಯಕರಾಗಿದ್ದಾಗಿನ ಟೆಸ್ಟ್ ಪಂದ್ಯಗಳನ್ನು ನೆನೆದರೆ ಇದು ಅರ್ಥವಾಗುತ್ತದೆ: ಬೌಲರ್ ದುಬಾರಿಯಾದಾಗ ಚೆಂಡು ಕಸಿದುಕೊಳ್ಳಬೇಕಾದ ನಾಯಕ ಆ ಬೌಲರೇ ಆಗಿರುತ್ತಾನೆ.

ಮೆಕ್‌ಡರ್ಮಟ್ ಇದನ್ನು ಅನುಭವದಿಂದಲೇ ಬಲ್ಲವರು. ಫಿಲಡೆಲ್ಫಿಯಾದಲ್ಲಿ 2009 ಮತ್ತು 2010ರ ಋತುಗಳಲ್ಲಿ ಅವರು ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿದ್ದರು. 2011ರ ಜನವರಿಯಲ್ಲಿ ಅವರನ್ನು ಆ ಕೆಲಸದಿಂದ ತೆಗೆದವರು ಹೆಡ್ ಕೋಚ್ ಆಂಡಿ ರೀಡ್. ಮುಂದೆ ಕ್ಯಾರೊಲಿನಾದಲ್ಲಿ ಮತ್ತೆ ಹೆಸರು ಗಳಿಸಿದರು. ಫಿಲಡೆಲ್ಫಿಯಾದಲ್ಲಿ ಸಾಕು ಎನ್ನಲು ಮೇಲೊಬ್ಬರಿದ್ದರು. ಬಫಲೊದ ಮೈದಾನದಂಚಿನಲ್ಲಿ ಅವರಿಗಿಂತ ಮೇಲೆ ಯಾರೂ ಇರಲಿಲ್ಲ.

ಇಷ್ಟು ಬೈದ ಮೇಲೆ ಅಂಕಿಗಳನ್ನೂ ಹೇಳಬೇಕು, ಮತ್ತು ಅವು ನನ್ನ ಮಾತಿಗೆ ಒಪ್ಪುವುದಿಲ್ಲ. ಅಕ್ಟೋಬರ್‌ನ ಮೊದಲ ಎಂಟು ದಿನಗಳಲ್ಲೇ ಟ್ರೆಡೇವಿಯಸ್ ವೈಟ್, ಮ್ಯಾಟ್ ಮಿಲಾನೊ, ಡಾಕ್ವಾನ್ ಜೋನ್ಸ್ ಮೂವರೂ ಗಾಯಗೊಂಡರು. ಡಿಫೆನ್ಸ್‌ನ ಬೆನ್ನುಮೂಳೆಯೇ ಹೋದಂತಾಯಿತು. ಹಾಗಿದ್ದರೂ ಆ ಋತುವಿನಲ್ಲಿ ಬಫಲೊ ಬಿಟ್ಟುಕೊಟ್ಟದ್ದು 311 ಅಂಕ, ಲೀಗ್‌ನಲ್ಲಿ ನಾಲ್ಕನೆಯ ಅತಿ ಕಡಿಮೆ. ಆರು ಗೆಲುವು, ಆರು ಸೋಲುಗಳಲ್ಲಿ ತೂಗಾಡುತ್ತಿದ್ದ ತಂಡ ಕೊನೆಯ ಐದು ಪಂದ್ಯಗಳನ್ನೂ ಗೆದ್ದು ವಿಭಾಗದ ಅಗ್ರಸ್ಥಾನಕ್ಕೇರಿತು. ಆ ವೇಳೆಗೆ ಕ್ಯಾನ್ಸಸ್ ಸಿಟಿಯ ಹೆಡ್ ಕೋಚ್ ಆಗಿದ್ದ ಆಂಡಿ ರೀಡ್ ಅವರ ತಂಡವನ್ನು ಅಲ್ಲೇ 17 ಅಂಕಗಳಿಗೆ ಕಟ್ಟಿಹಾಕಿದ ಪಂದ್ಯವೂ ಆ ಐದರಲ್ಲಿದೆ. ಕರೆ ನೀಡುವವರಾಗಿ ಮೆಕ್‌ಡರ್ಮಟ್ ಆ ತಿಂಗಳುಗಳಲ್ಲಿ ಅತ್ಯುತ್ತಮರು ಎಂದು ಒಪ್ಪದೆ ವಿಧಿಯಿಲ್ಲ. ನನ್ನ ತಕರಾರು ಇರುವುದು ಹೆಡ್ ಕೋಚ್ ಮೆಕ್‌ಡರ್ಮಟ್ ಮೇಲೆ.

ಋತುವಿನ ನಂತರದ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಅದೇ ಕ್ಯಾನ್ಸಸ್ ಸಿಟಿಯ ಎದುರು, ಈ ಅಂಗಳದಲ್ಲೇ, 27–24ರಿಂದ ಸೋಲು. ಟೈಲರ್ ಬ್ಯಾಸ್ ಒದ್ದ 44 ಗಜದ ಕಿಕ್ ಬಲಕ್ಕೆ ಸರಿಯಿತು. ಅದರ ಮಾತೇ ಬೇಡ. 2024ರಲ್ಲಿ ಬಾಬಿ ಬಾಬಿಚ್ ಕೋಆರ್ಡಿನೇಟರ್ ಆದರು, ಕರೆಗಳು ಅವರ ಕೈಗೆ ಹೋದವು, ತಂಡ 13 ಪಂದ್ಯ ಗೆದ್ದಿತು. ಅದೇ ವರ್ಷ ಸಿಯಾಟಲ್‌ಗೆ ಹೆಡ್ ಕೋಚ್ ಆಗಿ ಬಂದ ಮೈಕ್ ಮ್ಯಾಕ್‌ಡೊನಾಲ್ಡ್ ಡಿಫೆನ್ಸ್ ಕರೆಗಳನ್ನು ಮೊದಲ ದಿನದಿಂದಲೇ ತಾವೇ ಇಟ್ಟುಕೊಂಡಿದ್ದಾರೆ, ಯಶಸ್ವಿಯೂ ಆಗಿದ್ದಾರೆ. ನನ್ನ ವಾದಕ್ಕೆ ಅವರು ದೊಡ್ಡ ತೊಡಕು, ಅದನ್ನು ಬೇರೆಯಾಗಿಯೇ ಬಿಡಿಸಬೇಕು. ನಾಣ್ಯ ಚಿಮ್ಮಿಸಲು ನಾಯಕರು ನಡುವೆ ಬರುತ್ತಿದ್ದಾರೆ, ಪಂದ್ಯವನ್ನು ಚಿತ್ರೀಕರಿಸಲು ಅನುಮತಿಯಿಲ್ಲ, ಕ್ಯಾಮೆರಾ ಚೀಲಕ್ಕೆ ಹೋಗುತ್ತಿದೆ.